ವಿಮಾನಕ್ಕೆ ಅಡಿಗಡಿಗೂ ತಪಾಸಣೆ, ರೈಲಿಗೆ ಏಕಿಲ್ಲ? ಎರಡರ ಭದ್ರತೆ ಹೇಗೆ ಭಿನ್ನ, ಇಲ್ಲಿದೆ ವಿವರ

ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ಬೆಂಗಳೂರಿಗೆ ಹೊರಟಿದ್ದಾರೆ ಎಂದುಕೊಳ್ಳಿ. ಬ್ಯಾಗಿನಲ್ಲಿ ನಾಲ್ಕು ಜೊತೆ ಬಟ್ಟೆ, ಒಂದು ಪವರ್ ಬ್ಯಾಂಕ್, ಹಣ್ಣು ಹೆಚ್ಚಲು ಸಣ್ಣ ಚಾಕು, ಒಂದು ಲೈಟರ್, ಪೂಜೆಗೆಂದು ತೆಗೆದುಕೊಂಡ ಒಣಕೊಬ್ಬರಿ. ವಿಮಾನದಲ್ಲಿ ಹೊರಟರೆ ಈ ಬ್ಯಾಗನ್ನು ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಪವರ್ ಬ್ಯಾಂಕ್ ಚೆಕ್‌ಇನ್ ಬ್ಯಾಗಿನಲ್ಲಿ ಇರುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಚಾಕು ಕೈಚೀಲದಲ್ಲಿ ಇರುವಂತಿಲ್ಲ, ಚೆಕ್‌ಇನ್‌ಗೆ ಹೋಗಬೇಕು. ಲೈಟರ್ ಎರಡರಲ್ಲೂ ಸಲ್ಲದು. ಎಣ್ಣೆಯಂಶ ಇರುವ ಕಾರಣ ಸುಲಭವಾಗಿ ಬೆಂಕಿ ಹಿಡಿಯುತ್ತದೆ ಎಂದು ಒಣಕೊಬ್ಬರಿಗೂ ವಿಮಾನದಲ್ಲಿ ಪ್ರವೇಶ ಇಲ್ಲ.

ಅದೇ ಬ್ಯಾಗ್ ಹಿಡಿದು ಅದೇ ವ್ಯಕ್ತಿ ಸಿಎಸ್‌ಎಂಟಿಗೆ ಬಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ? ಬಹುತೇಕ ಸಲ ಯಾರೂ ಬ್ಯಾಗ್ ಮುಟ್ಟುವುದಿಲ್ಲ. ಬೋಗಿಯೊಳಗೆ ಟಿಟಿಇ ಬಂದು ಟಿಕೆಟ್ ನೋಡುತ್ತಾರೆ, ಅಷ್ಟೇ. ಬೆಳಿಗ್ಗೆ ಹತ್ತಿದವರು ಮರುದಿನ ಬೆಂಗಳೂರಿನಲ್ಲಿ ಇಳಿಯುವವರೆಗೆ ಸೀಟಿನ ಕೆಳಗೆ ಏನಿತ್ತು ಎಂಬುದು ಅವರಿಗೆ ಮಾತ್ರ ಗೊತ್ತು.

ಇದು ರೈಲ್ವೆಯ ನಿರ್ಲಕ್ಷ್ಯವೇ ಎಂಬ ಪ್ರಶ್ನೆ ಪ್ರತಿ ಬಾರಿ ಸ್ಫೋಟವೋ ಬೆಂಕಿಯೋ ಸಂಭವಿಸಿದಾಗ ಏಳುತ್ತದೆ. 'ವಿಮಾನ ನಿಲ್ದಾಣದ ಮಾದರಿಯಲ್ಲಿ ರೈಲು ನಿಲ್ದಾಣದ ಭದ್ರತೆ' ಎಂಬ ಘೋಷಣೆಯೂ ಅದರ ಬೆನ್ನಿಗೇ ಬರುತ್ತದೆ. ಆದರೆ ಆ ಮಾದರಿ ರೈಲಿಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ? ಎರಡು ವ್ಯವಸ್ಥೆಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ನೋಡಿದರೆ ಉತ್ತರ ಅಷ್ಟು ಸರಳವಲ್ಲ ಎಂಬುದು ತಿಳಿಯುತ್ತದೆ.

ವಿಮಾನ ತಪಾಸಣೆಯ ಹಿಂದಿನ ಕಥೆ

ಇಂದು ನಾವು ವಿಮಾನ ನಿಲ್ದಾಣದಲ್ಲಿ ಕಾಣುವ ಒಂದೊಂದು ನಿಯಮದ ಹಿಂದೆಯೂ ಒಂದೊಂದು ದುರಂತವಿದೆ. 1970ರ ದಶಕದ ವಿಮಾನ ಅಪಹರಣಗಳ ಬಳಿಕ 1978ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಳಗೆ ಭದ್ರತೆಗೆಂದೇ ಒಂದು ಘಟಕ ಹುಟ್ಟಿತು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡ್ ಕರಾವಳಿಯ ಬಳಿ ಆಕಾಶದಲ್ಲೇ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದದ್ದು ಸೂಟ್‌ಕೇಸ್‌ನಲ್ಲಿ. ಸೂಟ್‌ಕೇಸ್ ವಿಮಾನ ಏರಿತ್ತು, ಅದನ್ನು ಚೆಕ್‌ಇನ್ ಮಾಡಿಸಿದಾತ ಏರಿರಲಿಲ್ಲ. ಇಂದು ಚೆಕ್‌ಇನ್ ಆದ ಪ್ರಯಾಣಿಕ ಗೇಟಿಗೆ ಬಾರದಿದ್ದರೆ ವಿಮಾನವನ್ನು ತಡೆದು, ಸರಕು ವಿಭಾಗದಿಂದ ಆತನ ಬ್ಯಾಗನ್ನು ಹುಡುಕಿ ಕೆಳಗಿಳಿಸುತ್ತಾರಲ್ಲ, ಆ ಅರ್ಧ ಗಂಟೆಯ ಕಿರಿಕಿರಿಯ ಕಾರಣ ಇದು. ಕನಿಷ್ಕ ಘಟನೆಯ ನಂತರ, 1987ರಲ್ಲಿ ಆ ಘಟಕವೇ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಎಂಬ ಸ್ವತಂತ್ರ ಇಲಾಖೆಯಾಯಿತು. ಬಿಸಿಎಎಸ್ ಎಂದು ಕರೆಯುವುದು ಇದನ್ನೇ.

ನಂತರ 1999ರ ಡಿಸೆಂಬರ್ 24. ಕಠ್ಮಂಡುವಿನಿಂದ ದೆಹಲಿಗೆ ಹೊರಟಿದ್ದ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ಯಲಾಯಿತು. ಒತ್ತೆಯಾಳುಗಳ ಬಿಡುಗಡೆಗಾಗಿ ಮೂವರು ಉಗ್ರರನ್ನು ಬಿಟ್ಟುಕೊಡಬೇಕಾಯಿತು. ಅದರ ಮರುವರ್ಷವೇ ವಿಮಾನ ನಿಲ್ದಾಣಗಳ ಕಾವಲು ರಾಜ್ಯ ಪೊಲೀಸರಿಂದ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ, ಅಂದರೆ ಸಿಐಎಸ್‌ಎಫ್‌ಗೆ ವರ್ಗವಾಗತೊಡಗಿತು. ಮೊದಲು ಜೈಪುರ, ಬಳಿಕ ಒಂದೊಂದೇ ನಿಲ್ದಾಣ. ಈಗ 60ಕ್ಕೂ ಹೆಚ್ಚು ವಿಮಾನ ನಿಲ್ದಾಣಗಳು ಈ ಪಡೆಯ ಕೈಯಲ್ಲಿವೆ. 2006ರ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಬಳಿಕ ಅಂತರರಾಷ್ಟ್ರೀಯ ವಿಮಾನಗಳಲ್ಲಿ 100 ಮಿಲಿಲೀಟರ್ ಮಿತಿ ಬಂತು.

ಒಟ್ಟು ಫಲ ಏನೆಂದರೆ, ಬಾಗಿಲಲ್ಲಿ ಗುರುತಿನ ಚೀಟಿ ಮತ್ತು ಟಿಕೆಟ್, ಒಳಗೆ ದೊಡ್ಡ ಬ್ಯಾಗಿಗೆ ಎಕ್ಸ್-ರೇ, ಆಮೇಲೆ ಕೈಚೀಲಕ್ಕೆ ಎಕ್ಸ್-ರೇ, ಲೋಹಶೋಧಕದ ಚೌಕಟ್ಟು, ಕೈಯಲ್ಲಿ ಹಿಡಿಯುವ ಶೋಧಕ, ಬೋರ್ಡಿಂಗ್ ಪಾಸ್‌ಗೆ ಮುದ್ರೆ, ಕೆಲವೊಮ್ಮೆ ವಿಮಾನದ ಏಣಿಯ ಬುಡದಲ್ಲಿ ಇನ್ನೊಮ್ಮೆ ತಪಾಸಣೆ. ಒಮ್ಮೆ ಒಳಗೆ ಹೋದವರು ಹೊರಗಿನವರ ಜೊತೆ ಬೆರೆಯುವುದೇ ಇಲ್ಲ. ಒಂದು ಕಾನೂನು, ಒಬ್ಬ ನಿಯಂತ್ರಕ, ಬಹುತೇಕ ಒಂದೇ ಪಡೆ. ಇದರ ಖರ್ಚನ್ನು ಪ್ರಯಾಣಿಕರೇ ಕೊಡುತ್ತಾರೆ. ದೇಶೀಯ ಟಿಕೆಟ್‌ನಲ್ಲಿ ವಿಮಾನಯಾನ ಭದ್ರತಾ ಶುಲ್ಕ ಎಂದು 2021ರ ಏಪ್ರಿಲ್‌ನಿಂದ 200 ರೂಪಾಯಿ ಸೇರಿದೆ. ಮುಂಬೈ ಲೋಕಲ್‌ನ ಎರಡನೇ ದರ್ಜೆಯ ಕನಿಷ್ಠ ಟಿಕೆಟ್ 5 ರೂಪಾಯಿ. ಭದ್ರತೆಗೆಂದು ವಿಮಾನದವರು ಕೊಡುವ ಹಣದಲ್ಲಿ ಲೋಕಲ್‌ನಲ್ಲಿ 40 ಬಾರಿ ಓಡಾಡಬಹುದು!

ಬೇಲಿ ಇಲ್ಲದ ನಿಲ್ದಾಣ

ಈಗ ರೈಲಿನ ಲೆಕ್ಕ. ದೇಶದ ಒಳಗೆ ವಿಮಾನದಲ್ಲಿ ಹಾರುವವರು ದಿನಕ್ಕೆ ಸುಮಾರು ನಾಲ್ಕೂವರೆ ಲಕ್ಷ. ಒಂದೇ ದಿನ 5 ಲಕ್ಷ ದಾಟಿದ್ದು 2024ರ ನವೆಂಬರ್‌ನಲ್ಲಿ, ಅದೇ ಒಂದು ದಾಖಲೆ ಎಂದು ಸುದ್ದಿಯಾಗಿತ್ತು. ರೈಲಿನಲ್ಲಿ ದಿನಕ್ಕೆ ಸುಮಾರು 2 ಕೋಟಿ ಜನ ಪ್ರಯಾಣಿಸುತ್ತಾರೆ. ಮುಂಬೈ ಉಪನಗರ ರೈಲುಗಳಲ್ಲೇ 70 ಲಕ್ಷದ ಆಸುಪಾಸು. ಅಂದರೆ ಇಡೀ ದೇಶದ ದೇಶೀಯ ವಿಮಾನ ಪ್ರಯಾಣಿಕರನ್ನು ಒಟ್ಟು ಮಾಡಿದರೂ, ಅದರ 15 ಪಟ್ಟು ಜನರನ್ನು ಮುಂಬೈ ಲೋಕಲ್ ಒಂದೇ ಹೊತ್ತು ತಿರುಗುತ್ತದೆ. ನಿಲ್ದಾಣಗಳ ಸಂಖ್ಯೆ 7,000ಕ್ಕೂ ಹೆಚ್ಚು.

ಸಣ್ಣದೊಂದು ಗಣಿತ ಮಾಡಿ ನೋಡೋಣ. ಒಬ್ಬರ ತಪಾಸಣೆಗೆ ಬರೀ 15 ಸೆಕೆಂಡು ಸಾಕು ಎಂದಿಟ್ಟುಕೊಳ್ಳಿ (ವಿಮಾನ ನಿಲ್ದಾಣದಲ್ಲಿ ಬೆಲ್ಟ್ ಬಿಚ್ಚಿ, ಲ್ಯಾಪ್‌ಟಾಪ್ ಹೊರಗಿಟ್ಟು ನಿಂತವರಿಗೆ ಇದು ಎಷ್ಟು ಉದಾರವಾದ ಲೆಕ್ಕ ಎಂದು ಗೊತ್ತು). ಸಂಜೆಯ ದಟ್ಟಣೆಯಲ್ಲಿ ಮೂರು ನಿಮಿಷಕ್ಕೊಂದು ಲೋಕಲ್, ಪ್ರತಿ ಲೋಕಲ್‌ಗೂ ಒಂದು ನಿಲ್ದಾಣದಿಂದ ಸಾವಿರ ಜನ ಹತ್ತುತ್ತಾರೆ ಎಂದುಕೊಂಡರೆ, ಆ ಒಂದು ನಿಲ್ದಾಣದಲ್ಲಿ 80ಕ್ಕೂ ಹೆಚ್ಚು ತಪಾಸಣಾ ಸಾಲುಗಳು ಏಕಕಾಲಕ್ಕೆ ನಡೆಯಬೇಕು. ದಾದರ್‌ನಲ್ಲೋ ಠಾಣೆಯಲ್ಲೋ ಓಡಾಡಿದವರು ಅಲ್ಲಿ 80 ಯಂತ್ರ ಇಡಲು ಜಾಗ ಎಲ್ಲಿದೆ ಎಂದು ತಾವೇ ಹೇಳಬಹುದು. ಸಾಲು ಕಡಿಮೆ ಮಾಡಿದರೆ ಜನ ಹೊರಗೆ, ಮೇಲ್ಸೇತುವೆ ಮೇಲೆ ನಿಲ್ಲಬೇಕು. 2017ರ ಸೆಪ್ಟೆಂಬರ್ 29ರಂದು ಆಗಿನ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯಲ್ಲಿ ಕಾಲ್ತುಳಿತಕ್ಕೆ 23 ಜನ ಬಲಿಯಾದದ್ದನ್ನು ಮುಂಬೈಯವರು ಮರೆತಿಲ್ಲ. ಅಲ್ಲಿ ಬಾಂಬ್ ಇರಲಿಲ್ಲ, ಉಗ್ರರೂ ಇರಲಿಲ್ಲ. ಜನ ಮುಂದೆ ಸಾಗಲು ಜಾಗ ಇರಲಿಲ್ಲ, ಅಷ್ಟೇ.

ಸಂಖ್ಯೆ ಒಂದು ಭಾಗ. ಇನ್ನೊಂದು, ನಿಲ್ದಾಣದ ರಚನೆ. ವಿಮಾನ ನಿಲ್ದಾಣವನ್ನು ಊರಾಚೆ ಕಟ್ಟಿ ಸುತ್ತ ಗೋಡೆ ಹಾಕುತ್ತಾರೆ. ರೈಲು ನಿಲ್ದಾಣ ಊರ ನಡುವೆ ಇರುತ್ತದೆ, ಊರಿನ ಹಾದಿಯೇ ಅದರೊಳಗಿಂದ ಹೋಗುತ್ತದೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ ಉದ್ದ 1,507 ಮೀಟರ್, ಜಗತ್ತಿನಲ್ಲೇ ಅತಿ ಉದ್ದದ್ದು ಎಂಬ ಹೆಗ್ಗಳಿಕೆ ಅದಕ್ಕಿದೆ. ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮಿನ ಎರಡು ತುದಿಗಳೂ ಹಳಿಗಳ ಕಡೆಗೆ ತೆರೆದಿರುವಾಗ ಮುಖ್ಯದ್ವಾರದಲ್ಲಿ ಎಕ್ಸ್-ರೇ ಇಟ್ಟು ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ.

ಹುಬ್ಬಳ್ಳಿ ಕಲಿಸಿದ ಪಾಠ

ಹುಬ್ಬಳ್ಳಿಯ ಹೆಸರು ಇಲ್ಲಿ ಸುಮ್ಮನೆ ಬಂದದ್ದಲ್ಲ. 2019ರ ಜನವರಿಯಲ್ಲಿ ರೈಲ್ವೆ ರಕ್ಷಣಾ ದಳ ಒಂದು ಯೋಜನೆಯನ್ನು ಪ್ರಕಟಿಸಿತ್ತು. ನಿಲ್ದಾಣಕ್ಕೆ ನುಗ್ಗಬಹುದಾದ ಎಲ್ಲ ಕಿಂಡಿಗಳನ್ನು ಗುರುತಿಸಿ ಕೆಲವನ್ನು ಗೋಡೆ ಕಟ್ಟಿ ಮುಚ್ಚುವುದು, ಉಳಿದ ಕಡೆ ಸಿಬ್ಬಂದಿ ನಿಲ್ಲಿಸುವುದು, ಪ್ರಯಾಣಿಕರು ರೈಲು ಹೊರಡುವ 15-20 ನಿಮಿಷ ಮೊದಲೇ ಬಂದು ತಪಾಸಣೆ ಮುಗಿಸಿಕೊಳ್ಳುವುದು. ದೇಶದ 202 ನಿಲ್ದಾಣಗಳಿಗೆ ಇದು ವಿಸ್ತರಣೆಯಾಗಲಿದೆ, ಕುಂಭಮೇಳದ ನಿಮಿತ್ತ ಪ್ರಯಾಗರಾಜ್‌ನಲ್ಲಿ ಮತ್ತು ಕರ್ನಾಟಕದ ಹುಬ್ಬಳ್ಳಿಯಲ್ಲಿ ಈಗಾಗಲೇ ಜಾರಿಯಾಗಿದೆ ಎಂದು ಆಗ ಹೇಳಲಾಗಿತ್ತು.

ಅದೇ ವರ್ಷ ಅಕ್ಟೋಬರ್ 21. ವಿಜಯವಾಡದಿಂದ ಹುಬ್ಬಳ್ಳಿಗೆ ಬಂದ ಅಮರಾವತಿ ಎಕ್ಸ್‌ಪ್ರೆಸ್‌ನಲ್ಲಿ ವಾರಸುದಾರರಿಲ್ಲದ ಪೊಟ್ಟಣವೊಂದು ಸಿಕ್ಕಿತು. ಅದರೊಳಗಿದ್ದ ಕಚ್ಚಾ ಸ್ಫೋಟಕ ಹುಬ್ಬಳ್ಳಿ ನಿಲ್ದಾಣದಲ್ಲಿ ಸಿಡಿದು ಒಬ್ಬ ಯುವಕನ ಕೈಗೆ ತೀವ್ರ ಗಾಯವಾಯಿತು. ಹುಬ್ಬಳ್ಳಿಯ ಬಾಗಿಲಲ್ಲಿ ಎಷ್ಟೇ ಬಿಗಿ ಇದ್ದರೂ ಅದು ಈ ಪೊಟ್ಟಣವನ್ನು ತಡೆಯುವ ಸಾಧ್ಯತೆಯೇ ಇರಲಿಲ್ಲ. ಏಕೆಂದರೆ ಅದು ಬಾಗಿಲಿನಿಂದ ಬರಲಿಲ್ಲ, ರೈಲಿನಲ್ಲೇ ಬಂತು.

ವಿಮಾನಕ್ಕೂ ರೈಲಿಗೂ ಇರುವ ಮೂಲ ವ್ಯತ್ಯಾಸ ಇದೇ ಎಂದು ಹೇಳಬಹುದು. ವಿಮಾನ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತದೆ, ನಡುವೆ ಯಾರೂ ಹತ್ತುವುದಿಲ್ಲ. ರೈಲು ದಾರಿಯುದ್ದಕ್ಕೂ ಹತ್ತಾರು ಕಡೆ ನಿಲ್ಲುತ್ತದೆ. ಅದರಲ್ಲಿ ಅರ್ಧದಷ್ಟು ನಿಲ್ದಾಣಗಳಲ್ಲಿ ಎರಡು ನಿಮಿಷದ ನಿಲುಗಡೆ, ಇಬ್ಬರೋ ಮೂವರೋ ಸಿಬ್ಬಂದಿ. ಒಂದು ನಿಲ್ದಾಣದಲ್ಲಿ ತಪಾಸಣೆ ಸಡಿಲವಾದರೂ ಉಳಿದೆಲ್ಲ ನಿಲ್ದಾಣಗಳ ಶ್ರಮ ವ್ಯರ್ಥ. 2014ರ ಮೇ 1ರಂದು ಚೆನ್ನೈ ಸೆಂಟ್ರಲ್‌ನಲ್ಲಿ ಬೆಂಗಳೂರು–ಗುವಾಹಟಿ ಎಕ್ಸ್‌ಪ್ರೆಸ್‌ನ ಎರಡು ಸ್ಲೀಪರ್ ಬೋಗಿಗಳಲ್ಲಿ ಸ್ಫೋಟವಾಗಿ ಯುವತಿಯೊಬ್ಬಳು ಸತ್ತಾಗಲೂ ರೈಲು ಆಗಷ್ಟೇ ಬೆಂಗಳೂರಿನಿಂದ ಬಂದು ನಿಂತಿತ್ತು. ಸ್ಫೋಟವಾದ ನಿಲ್ದಾಣದ ಬಾಗಿಲಲ್ಲಿ ಯಂತ್ರ ಇತ್ತೋ ಇಲ್ಲವೋ ಎಂಬುದು ಆಗಲೂ ಮುಖ್ಯವಾಗಲಿಲ್ಲ.

ಹಾಗೆಂದು ರೈಲ್ವೆ ಏನೂ ಮಾಡಿಲ್ಲ ಎನ್ನುವಂತಿಲ್ಲ. 2006ರ ಜುಲೈ 11ರಂದು ಮುಂಬೈಯ ಪಶ್ಚಿಮ ಮಾರ್ಗದ ಲೋಕಲ್‌ಗಳಲ್ಲಿ ಸಂಜೆ 11 ನಿಮಿಷಗಳ ಅಂತರದಲ್ಲಿ ಏಳು ಬಾಂಬ್‌ಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತ ಬಳಿಕ ಸಮಗ್ರ ಭದ್ರತಾ ವ್ಯವಸ್ಥೆ ಎಂಬ ಯೋಜನೆ ರೂಪುಗೊಂಡಿತು. 2008ರಲ್ಲಿ ಅದಕ್ಕೆ ಆಯ್ಕೆಯಾದ ಸೂಕ್ಷ್ಮ ನಿಲ್ದಾಣಗಳ ಸಂಖ್ಯೆಯೂ 202. ಸಿಸಿಟಿವಿ, ಪ್ರವೇಶ ನಿಯಂತ್ರಣ, ಬ್ಯಾಗ್ ತಪಾಸಣೆ, ಬಾಂಬ್ ಪತ್ತೆ ದಳ ಇದರ ನಾಲ್ಕು ಅಂಗಗಳು. ಕ್ಯಾಮೆರಾಗಳು ಬಂದವು, ಶ್ವಾನದಳ ಬಂತು, ಲೋಹಶೋಧಕ ಚೌಕಟ್ಟುಗಳೂ ಬಂದವು. ಆದರೆ ದೊಡ್ಡ ನಿಲ್ದಾಣಗಳಲ್ಲಿ ಇಂದು ಸಾಮಾನ್ಯವಾಗಿ ಕಾಣುವ ದೃಶ್ಯ ಯಾವುದು? ಚೌಕಟ್ಟು ಪ್ರತಿಯೊಬ್ಬರಿಗೂ 'ಬೀಪ್' ಎನ್ನುತ್ತದೆ, ಯಾರೂ ನಿಲ್ಲುವುದಿಲ್ಲ, ಯಾರೂ ನಿಲ್ಲಿಸುವುದಿಲ್ಲ. ಅವಸರದಲ್ಲಿರುವವರು ಪಕ್ಕದ ಖಾಲಿ ಜಾಗದಿಂದ ನುಸುಳಿ ಹೋಗುತ್ತಾರೆ. ಯಾರೂ ಗಮನಿಸದ ಯಂತ್ರ ಇಲ್ಲದಿರುವುದಕ್ಕಿಂತ ಕೆಟ್ಟದ್ದು ಎಂದರೆ ತಪ್ಪಾಗಲಾರದು. ಇಲ್ಲದಿದ್ದರೆ ಪ್ರಯಾಣಿಕರಾದರೂ ಎಚ್ಚರದಿಂದ ಇರುತ್ತಾರೆ.

ಇಲ್ಲಿ ಇನ್ನೊಂದು ಮಾತು. 2006ರ ಆ ಸ್ಫೋಟಗಳ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2015ರಲ್ಲಿ 12 ಮಂದಿಗೆ ಶಿಕ್ಷೆ ವಿಧಿಸಿತ್ತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸದಂತೆ ಸುಪ್ರೀಂ ಕೋರ್ಟ್ ತಡೆ ನೀಡಿದೆ. 19 ವರ್ಷ ಕಳೆದರೂ ಬಾಂಬ್ ಇಟ್ಟವರು ಯಾರು ಎಂಬುದು ತೀರ್ಮಾನವಾಗಿಲ್ಲ. ನಿಲ್ದಾಣದ ಬಾಗಿಲಿನ ಯಂತ್ರಗಳ ಬಗ್ಗೆ ನಡೆಯುವ ಚರ್ಚೆಯ ಅರ್ಧದಷ್ಟಾದರೂ ತನಿಖೆಯ ಗುಣಮಟ್ಟದ ಬಗ್ಗೆ ನಡೆಯಬೇಕಿತ್ತು.

ಯಾರ ಹೊಣೆ?

ವಿಮಾನದಲ್ಲಿ ಹೊಣೆ ಯಾರದ್ದೆಂಬ ಗೊಂದಲ ಇಲ್ಲ. ರೈಲಿನಲ್ಲಿ ಇಬ್ಬರಿದ್ದಾರೆ. ರೈಲ್ವೆ ರಕ್ಷಣಾ ದಳ, ಅಂದರೆ ಆರ್‌ಪಿಎಫ್, ಕೇಂದ್ರದ ಪಡೆ. 1957ರ ಕಾಯ್ದೆಯಡಿ ಹುಟ್ಟಿದ್ದು ರೈಲ್ವೆ ಆಸ್ತಿ ಕಾಯಲು. ಪ್ರಯಾಣಿಕರ ರಕ್ಷಣೆ ಅದರ ಕರ್ತವ್ಯಕ್ಕೆ ಸೇರಿದ್ದು 2003ರ ತಿದ್ದುಪಡಿಯಿಂದ. ಕಳವು, ಹಲ್ಲೆ, ಕೊಲೆ ನಡೆದರೆ ಎಫ್‌ಐಆರ್ ದಾಖಲಿಸಿ ತನಿಖೆ ನಡೆಸುವುದು ರಾಜ್ಯಗಳ ರೈಲ್ವೆ ಪೊಲೀಸರು, ಅಂದರೆ ಜಿಆರ್‌ಪಿ. ಮಹಾರಾಷ್ಟ್ರದಲ್ಲಿ ಇವರಿಗೆ ಲೋಹಮಾರ್ಗ ಪೊಲೀಸ್ ಎಂದು ಹೆಸರು. ಪೊಲೀಸ್ ವ್ಯವಸ್ಥೆ ಸಂವಿಧಾನದ ಪ್ರಕಾರ ರಾಜ್ಯದ ವಿಷಯವಾದ್ದರಿಂದ ಹೀಗೆ.

ಉದ್ಯಾನ್ ಎಕ್ಸ್‌ಪ್ರೆಸ್ ಮಹಾರಾಷ್ಟ್ರದ ಸೊಲ್ಲಾಪುರ ದಾಟಿ ಕಲಬುರಗಿ, ರಾಯಚೂರು ಮುಟ್ಟಿ, ಆಂಧ್ರದ ಗುಂತಕಲ್, ಅನಂತಪುರದ ಮೂಲಕ ಮತ್ತೆ ಕರ್ನಾಟಕಕ್ಕೆ ಬರುತ್ತದೆ. ರಾತ್ರಿ ಮಲಗಿದ್ದಾಗ ಕಳವಾದ ಬ್ಯಾಗ್ ಯಾವ ರಾಜ್ಯದ ಠಾಣೆಯದ್ದು? ಇದಕ್ಕೆ ಉತ್ತರವಾಗಿ 'ಜೀರೋ ಎಫ್‌ಐಆರ್' ಇದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅದನ್ನು ಸಂಬಂಧಪಟ್ಟ ಠಾಣೆಗೆ ಅವರೇ ಕಳುಹಿಸಬೇಕು. ಟಿಟಿಇ ಅಥವಾ ರೈಲಿನ ಬೆಂಗಾವಲು ಸಿಬ್ಬಂದಿಯ ಬಳಿ ಎಫ್‌ಐಆರ್ ಅರ್ಜಿ ಸಿಗುತ್ತದೆ, ಬೋಗಿಯಲ್ಲೇ ತುಂಬಿ ಕೊಡಬಹುದು. 'ಮುಂದಿನ ಸ್ಟೇಷನ್‌ನಲ್ಲಿ ಇಳಿದು ದೂರು ಕೊಡಿ' ಎಂದು ಯಾರಾದರೂ ಹೇಳಿದರೆ ಇಳಿಯಬೇಕಾಗಿಲ್ಲ.

ಬಾಂಬ್‌ಗಿಂತ ಬೆಂಕಿ

ರೈಲಿನ ತಪಾಸಣೆ ಎಂದಾಗ ಎಲ್ಲರ ಕಣ್ಣಿಗೆ ಬರುವುದು ಬಾಂಬ್, ಬಂದೂಕು. ಇತ್ತೀಚಿನ ವರ್ಷಗಳ ಘಟನೆಗಳನ್ನು ನೋಡಿದರೆ ಬೋಗಿಯೊಳಗೆ ಬರುವ ಅಪಾಯಗಳಲ್ಲಿ ಹೆಚ್ಚು ಹತ್ತಿರದ್ದು ಬೆಂಕಿ. 2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದ ಬಳಿ ನಿಂತಿದ್ದ ಖಾಸಗಿ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ಲಖನೌದಿಂದ ಬಂದಿದ್ದ ಯಾತ್ರಿಗಳ ಬೋಗಿ ಅದು. ಒಳಗೆ ಅಡುಗೆ ಅನಿಲದ ಸಿಲಿಂಡರ್ ಇತ್ತು. ಸಿಲಿಂಡರ್ ಎಂದರೆ ಜೇಬಿನಲ್ಲಿ ಅಡಗಿಸುವ ವಸ್ತುವಲ್ಲ. ದಿನಗಟ್ಟಲೆ ಹಲವು ರಾಜ್ಯಗಳನ್ನು ದಾಟಿ ಬಂದ ಬೋಗಿಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ ಎಂದರೆ ಕೊರತೆಯಿದ್ದದ್ದು ಯಂತ್ರದ್ದಲ್ಲ. ಒಬ್ಬ ಸಿಬ್ಬಂದಿ ಬೋಗಿಯೊಳಗೆ ಒಮ್ಮೆ ನಡೆದು ಬಂದಿದ್ದರೂ ಸಾಕಾಗುತ್ತಿತ್ತು.

ಅದೇ ವರ್ಷದ ಏಪ್ರಿಲ್ 2ರ ರಾತ್ರಿ ಕೇರಳದ ಕೋಯಿಕ್ಕೋಡ್ ಸಮೀಪದ ಎಲತ್ತೂರು ಬಳಿ ಆಲಪ್ಪುಳ–ಕಣ್ಣೂರು ಎಕ್ಸ್‌ಪ್ರೆಸ್‌ನಲ್ಲಿ ಒಬ್ಬಾತ ಸಹಪ್ರಯಾಣಿಕರ ಮೇಲೆ ಪೆಟ್ರೋಲ್ ಎರಚಿ ಬೆಂಕಿ ಹಚ್ಚಿದ. ಹಲವರು ಸುಟ್ಟು ಗಾಯಗೊಂಡರು. ಪುಟ್ಟ ಮಗು ಸೇರಿ ಮೂವರ ಶವ ಹಳಿಯ ಮೇಲೆ ಸಿಕ್ಕಿತು.

ಕಾನೂನಿನಲ್ಲಿ ಇದಕ್ಕೆ ಅವಕಾಶ ಇಲ್ಲವೆಂದೇನಲ್ಲ. 1989ರ ರೈಲ್ವೆ ಕಾಯ್ದೆಯ 67ನೇ ಸೆಕ್ಷನ್ ಅಪಾಯಕಾರಿ ವಸ್ತುಗಳ ಸಾಗಣೆಯನ್ನು ನಿರ್ಬಂಧಿಸುತ್ತದೆ. 164ನೇ ಸೆಕ್ಷನ್ ಪ್ರಕಾರ ಅದನ್ನು ಮೀರಿದವರಿಗೆ 3 ವರ್ಷದವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಪೆಟ್ರೋಲ್, ಸ್ಟೌ, ಪಟಾಕಿ, ಆ್ಯಸಿಡ್ ಎಲ್ಲಕ್ಕೂ ನಿಷೇಧವಿದೆ. ದೀಪಾವಳಿಗೆ ಊರಿಗೆ ಹೋಗುವಾಗ ಮಕ್ಕಳಿಗೆಂದು ಪಟಾಕಿ ಕಟ್ಟಿಕೊಳ್ಳುವವರು ಇದನ್ನು ಗಮನಿಸಬೇಕು. 1,000 ರೂಪಾಯಿ ದಂಡ ಈ ಕಾಲಕ್ಕೆ ಯಾರನ್ನು ಹೆದರಿಸೀತು ಎಂಬುದು ಬೇರೆ ಪ್ರಶ್ನೆ.

ಹಳಿಯ ವಿಚಾರವೂ ಇದೆ. 2010ರ ಮೇ 28ರಂದು ಪಶ್ಚಿಮ ಬಂಗಾಳದಲ್ಲಿ ಹಳಿಗೆ ಹಾನಿ ಮಾಡಿದ್ದರಿಂದ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ಹಳಿತಪ್ಪಿ, ಎದುರಿನಿಂದ ಬಂದ ಗೂಡ್ಸ್ ರೈಲು ಅಪ್ಪಳಿಸಿ 140ಕ್ಕೂ ಹೆಚ್ಚು ಜನ ಸತ್ತರು. ವಿಮಾನ ಆಕಾಶಕ್ಕೆ ಏರಿದ ಮೇಲೆ ಹೊರಗಿನವರ ಕೈಗೆ ಬಹುಮಟ್ಟಿಗೆ ಸಿಗುವುದಿಲ್ಲ. ರೈಲು ಸಾವಿರಾರು ಕಿಲೋಮೀಟರ್ ಬಯಲಲ್ಲೇ ಓಡುತ್ತದೆ. ಪ್ರಯಾಣಿಕರ ಬ್ಯಾಗ್ ಎಷ್ಟೇ ತಡಕಾಡಿದರೂ ಅಂಥ ಕೃತ್ಯ ನಿಲ್ಲದು.

ಬೇರೆ ದೇಶಗಳು ಏನು ಮಾಡಿವೆ?

ಚೀನಾದಲ್ಲಿ ರೈಲು ನಿಲ್ದಾಣಕ್ಕೆ ಹೋಗುವ ಪ್ರತಿ ಬ್ಯಾಗೂ ಎಕ್ಸ್-ರೇ ಮೂಲಕವೇ ಹೋಗಬೇಕು. ಬೀಜಿಂಗ್ ಮೆಟ್ರೊದಲ್ಲಿ 2008ರ ಒಲಿಂಪಿಕ್ಸ್ ಹೊತ್ತಿಗೆ ಶುರುವಾದ ತಪಾಸಣೆ ಇಂದಿಗೂ ನಿಂತಿಲ್ಲ. ಆದರೂ 2014ರ ಮಾರ್ಚ್ 1ರಂದು ಕುನ್‌ಮಿಂಗ್ ನಿಲ್ದಾಣದಲ್ಲಿ ಚಾಕು ಹಿಡಿದ ಗುಂಪು 31 ಜನರನ್ನು ಕೊಂದಿತು. ದಾಳಿ ನಡೆದದ್ದು ನಿಲ್ದಾಣದ ಮುಂದಿನ ಚೌಕ ಮತ್ತು ಟಿಕೆಟ್ ಹಾಲ್‌ನಲ್ಲಿ. ರಷ್ಯಾದ ವೊಲ್ಗೊಗ್ರಾದ್‌ನಲ್ಲಿ 2013ರ ಡಿಸೆಂಬರ್ 29ರಂದು ಆತ್ಮಾಹುತಿ ಬಾಂಬರ್ ತನ್ನನ್ನು ಸ್ಫೋಟಿಸಿಕೊಂಡದ್ದು ನಿಲ್ದಾಣದ ಬಾಗಿಲಲ್ಲಿದ್ದ ಲೋಹಶೋಧಕದ ಬಳಿಯೇ. ತಪಾಸಣೆ ಆತನನ್ನು ಒಳಗೆ ಬಿಡಲಿಲ್ಲ ನಿಜ, ಆದರೆ ಬಾಗಿಲ ಬಳಿ ಇದ್ದವರು ಸತ್ತರು. ವಿಮಾನ ನಿಲ್ದಾಣಗಳೂ ಇದಕ್ಕೆ ಹೊರತಲ್ಲ. 2016ರ ಮಾರ್ಚ್ 22ರ ಬ್ರಸೆಲ್ಸ್ ದಾಳಿ ನಡೆದದ್ದು ತಪಾಸಣೆಗೆ ಮೊದಲಿನ ಚೆಕ್‌ಇನ್ ಹಾಲ್‌ನಲ್ಲಿ.

ಸ್ಪೇನ್ ಕಥೆ ಇನ್ನೂ ಕುತೂಹಲಕರ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ನಾಲ್ಕು ಉಪನಗರ ರೈಲುಗಳಲ್ಲಿ ಹತ್ತು ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಸ್ಪೇನ್‌ನಲ್ಲಿ ದೂರದ ಊರುಗಳಿಗೆ ಹೋಗುವ ಎವಿಇ ವೇಗದ ರೈಲಿನ ಪ್ರಯಾಣಿಕರ ಬ್ಯಾಗನ್ನು ಎಕ್ಸ್-ರೇ ಮಾಡುತ್ತಾರೆ. ದಾಳಿಗೆ ಒಳಗಾದ ಉಪನಗರ ರೈಲುಗಳಲ್ಲಿ ಇಂದಿಗೂ ಆ ತಪಾಸಣೆ ಇಲ್ಲ. ಕಾರಣ ಮುಂಬೈಯದ್ದೇ, ಜನಸಂದಣಿ ಮತ್ತು ಅವಸರ. ಲಂಡನ್‌ನಿಂದ ಸಮುದ್ರದಡಿಯ ಸುರಂಗದಲ್ಲಿ ಪ್ಯಾರಿಸ್‌ಗೆ ಹೋಗುವ ಯೂರೊಸ್ಟಾರ್‌ನಲ್ಲಿ ಮಾತ್ರ 1994ರಲ್ಲಿ ಓಡಾಟ ಶುರುವಾದಾಗಿನಿಂದಲೂ ವಿಮಾನದಂಥ ತಪಾಸಣೆ ಇದೆ. ಅಲ್ಲಿ ಕಾಯುವ ಕೋಣೆ ಬೇರೆ, ಪ್ಲಾಟ್‌ಫಾರ್ಮ್ ಬೇರೆ, ನಿಲುಗಡೆಗಳೂ ಕೆಲವೇ. ಆದ್ದರಿಂದ ಅದು ಸಾಧ್ಯವಾಗಿದೆ. ನೀರು, ಪಾನೀಯಗಳಿಗೆ ಅಲ್ಲಿಯೂ 100 ಮಿಲಿಲೀಟರ್ ಮಿತಿ ಇಲ್ಲ.

ಜಪಾನ್ ಬೇರೆಯೇ ದಾರಿ ಹಿಡಿದಿದೆ. ಟೋಕಿಯೊ–ಒಸಾಕಾ ನಡುವೆ ದಿನಕ್ಕೆ 300ಕ್ಕೂ ಹೆಚ್ಚು ಶಿಂಕಾನ್‌ಸೆನ್ ರೈಲುಗಳು ಓಡುತ್ತವೆ. 2015ರ ಜೂನ್‌ನಲ್ಲಿ ಒಬ್ಬ ರೈಲಿನಲ್ಲೇ ಬೆಂಕಿ ಹಚ್ಚಿಕೊಂಡು ಸತ್ತ, ಜೊತೆಗೆ ಇನ್ನೊಬ್ಬ ಪ್ರಯಾಣಿಕೆಯೂ ಬಲಿಯಾದರು. ಆಮೇಲೂ ಎಲ್ಲರ ಬ್ಯಾಗ್ ತಪಾಸಣೆ ಬರಲಿಲ್ಲ. ಬದಲಿಗೆ ಸುಡುವ ದ್ರವಗಳ ನಿಷೇಧ ಬಿಗಿಯಾಯಿತು, ಬೋಗಿಗಳಲ್ಲಿ ಕ್ಯಾಮೆರಾ ಮತ್ತು ಗಸ್ತು ಹೆಚ್ಚಿತು.

ನಡುವಿನ ದಾರಿ ಮೆಟ್ರೊ

ನಮ್ಮಲ್ಲಿ ಎರಡರ ನಡುವೆ ಮೆಟ್ರೊ ಇದೆ. ದೆಹಲಿ ಮೆಟ್ರೊದ ಭದ್ರತೆ 2007ರಿಂದ ಸಿಐಎಸ್‌ಎಫ್ ಕೈಯಲ್ಲಿದೆ. ಪ್ರತಿ ಬ್ಯಾಗ್ ಎಕ್ಸ್-ರೇ ಆಗುತ್ತದೆ, ಪ್ರತಿಯೊಬ್ಬರ ಮೈ ತಡವಲಾಗುತ್ತದೆ. ಬೆಂಗಳೂರು, ಚೆನ್ನೈ, ಹೈದರಾಬಾದ್ ಮೆಟ್ರೊಗಳಲ್ಲೂ ಬ್ಯಾಗ್ ತಪಾಸಣೆ ಇದೆ. ನಿಲ್ದಾಣಕ್ಕೆ ಎರಡೋ ನಾಲ್ಕೋ ಬಾಗಿಲು, ಟಿಕೆಟ್ ತೋರಿಸಿದರೆ ಮಾತ್ರ ತೆರೆಯುವ ಗೇಟ್, ದೊಡ್ಡ ಲಗೇಜ್ ಇಲ್ಲದ ಪ್ರಯಾಣಿಕರು. ಹೀಗಾಗಿ ಇದು ನಡೆಯುತ್ತದೆ. ಆದರೂ ರಾಜೀವ್ ಚೌಕ್‌ನಲ್ಲಿ ಬೆಳಗಿನ ಸಾಲು ನೋಡಿದವರಿಗೆ ಇದರ ಬೆಲೆ ಏನೆಂದು ತಿಳಿದಿದೆ.

ಬೆಲೆ ಸಮಯದ್ದು ಮಾತ್ರವಲ್ಲ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆ ಮೇಲೆ ಮೂಟೆ ಹೊತ್ತು ಬಂದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂಬ ಕಾರಣಕ್ಕೆ ತಡೆಯಲಾಯಿತು. ಅವರ ಬಳಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಪ್ರತಿಭಟಿಸಿ ಅವರನ್ನು ಒಳಗೆ ಕರೆದೊಯ್ದರು, ವಿಡಿಯೊ ಹರಿದಾಡಿತು, ಭದ್ರತಾ ಮೇಲ್ವಿಚಾರಕನನ್ನು ಬಿಎಂಆರ್‌ಸಿಎಲ್ ಕೆಲಸದಿಂದ ತೆಗೆಯಿತು. ಬ್ಯಾಗ್ ನೋಡಬೇಕಾದವರು ಬಟ್ಟೆ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ. ಜನರಲ್ ಬೋಗಿಯಲ್ಲಿ ಗೋಣಿಚೀಲ, ಪಾತ್ರೆ, ಕೋಳಿಬುಟ್ಟಿ ಹಿಡಿದು ಬರುವ ಕೂಲಿಕಾರ್ಮಿಕರೇ ಹೆಚ್ಚಿರುವ ರೈಲ್ವೆಯಲ್ಲಿ ಕಡ್ಡಾಯ ತಪಾಸಣೆ ಬಂದರೆ ಯಾರ ಮೂಟೆ ಮೊದಲು ಬಿಚ್ಚುತ್ತಾರೆ, ಯಾರ ಟ್ರಾಲಿ ಬ್ಯಾಗ್ ಹಾಗೇ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಮುಂದೇನು?

ಸದ್ಯ ರೈಲ್ವೆಯ ಗಮನ ಬ್ಯಾಗಿಗಿಂತ ಜನಸಂದಣಿಯ ಕಡೆ ಹೊರಳಿದೆ. 2025ರ ಫೆಬ್ರುವರಿ 15ರಂದು ನವದೆಹಲಿ ನಿಲ್ದಾಣದ ಕಾಲ್ತುಳಿತದಲ್ಲಿ 18 ಜನ ಸತ್ತ ನಂತರ, ಜನಸಂದಣಿ ಹೆಚ್ಚಿರುವ 73 ನಿಲ್ದಾಣಗಳಲ್ಲಿ ಪ್ರವೇಶ ನಿಯಂತ್ರಣಕ್ಕೆ ತೀರ್ಮಾನವಾಗಿದೆ. ದೃಢೀಕೃತ ಟಿಕೆಟ್ ಇದ್ದವರನ್ನು ಮಾತ್ರ ಪ್ಲಾಟ್‌ಫಾರ್ಮಿಗೆ ಬಿಡುವುದು, ಉಳಿದವರಿಗೆ ಹೊರಗೆ ಕಾಯುವ ಜಾಗ ಕಲ್ಪಿಸುವುದು, ಅನಧಿಕೃತ ದಾರಿಗಳನ್ನು ಮುಚ್ಚುವುದು ಇದರ ಭಾಗ. ನವದೆಹಲಿ, ಆನಂದ್ ವಿಹಾರ್, ವಾರಾಣಸಿ, ಅಯೋಧ್ಯೆ, ಪಟ್ನಾಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿದೆ. ಕಿಂಡಿಗಳು ನಿಜಕ್ಕೂ ಮುಚ್ಚಿದರೆ ಮುಂದೆ ಬ್ಯಾಗ್ ತಪಾಸಣೆಗೂ ಅದು ಅಡಿಪಾಯವಾಗಬಹುದು. 74,000 ಬೋಗಿಗಳಿಗೆ ತಲಾ ನಾಲ್ಕು, 15,000 ಎಂಜಿನ್‌ಗಳಿಗೆ ತಲಾ ಆರು ಸಿಸಿಟಿವಿ ಕ್ಯಾಮೆರಾ ಅಳವಡಿಸಲು 2025ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿದೆ. ಕ್ಯಾಮೆರಾ ಬಾಂಬನ್ನು ತಡೆಯುವುದಿಲ್ಲ. ಆದರೆ ಬ್ಯಾಗ್ ಬಿಟ್ಟು ಇಳಿದು ಹೋದವರು ಯಾರು ಎಂದು ಹೇಳಬಲ್ಲದು. ಅಂಥ ಸಾಕ್ಷ್ಯ 2006ರಲ್ಲಿ ಇದ್ದಿದ್ದರೆ ಎಂದು ಅನಿಸದೇ ಇರದು.

ಎಲ್ಲ ನಿಲ್ದಾಣ, ಎಲ್ಲ ರೈಲು, ಎಲ್ಲ ಪ್ರಯಾಣಿಕರ ತಪಾಸಣೆ ಎಂಬುದು ಆಗದ ಮಾತು. ಆದರೆ ಆಗುವ ಕೆಲಸಗಳಿವೆ. ದೂರದ ರೈಲುಗಳು ಹೊರಡುವ ಟರ್ಮಿನಲ್‌ಗಳಲ್ಲಿ ಯಾವ ದಿನ, ಯಾವ ರೈಲು ಎಂದು ಮೊದಲೇ ಗೊತ್ತಾಗದ ಹಾಗೆ ಆಯ್ದ ತಪಾಸಣೆ, ರಾತ್ರಿ ರೈಲುಗಳಲ್ಲಿ ಬೋಗಿಯಿಂದ ಬೋಗಿಗೆ ನಿಜವಾಗಿ ನಡೆಯುವ ಗಸ್ತು, ಪಾರ್ಸೆಲ್ ವ್ಯಾನ್ ಮತ್ತು ಖಾಸಗಿ ಪ್ರವಾಸಿ ಬೋಗಿಗಳ ಕಡ್ಡಾಯ ಪರಿಶೀಲನೆ. ಪಾರ್ಸೆಲ್ ಮತ್ತು ಪ್ರವಾಸಿ ಬೋಗಿಗಳ ಸಂಖ್ಯೆ ಕಡಿಮೆ, ಅವು ಹೊರಡುವ ಜಾಗ ಮೊದಲೇ ತಿಳಿದಿರುತ್ತದೆ, ಅವಸರವೂ ಇರುವುದಿಲ್ಲ. ಅಲ್ಲಿ ವಿಮಾನದಷ್ಟೇ ಬಿಗಿ ತಪಾಸಣೆ ಮಾಡದಿರಲು ಯಾವ ನೆಪವೂ ಇಲ್ಲ.

ಪ್ರಯಾಣಿಕರು ಗಮನಿಸಬೇಕಾದ್ದು: ರೈಲಿನಲ್ಲಿ ವಾರಸುದಾರರಿಲ್ಲದ ಬ್ಯಾಗ್, ಡಬ್ಬಿ, ಟಿಫಿನ್ ಕ್ಯಾರಿಯರ್ ಕಂಡರೆ ಮುಟ್ಟಬೇಡಿ, ತೆರೆಯಬೇಡಿ, 'ಯಾರದ್ದಿದು' ಎಂದು ಸೀಟಿನಿಂದ ಸೀಟಿಗೆ ದಾಟಿಸಲೂಬೇಡಿ. ಅಕ್ಕಪಕ್ಕದವರನ್ನು ದೂರ ಸರಿಸಿ 139ಕ್ಕೆ ಕರೆ ಮಾಡಿ. ಹಿಂದೆ ಭದ್ರತೆಗೆಂದು ಪ್ರತ್ಯೇಕವಾಗಿದ್ದ 182 ಸಂಖ್ಯೆ 2021ರಿಂದ ಇದರಲ್ಲೇ ವಿಲೀನವಾಗಿದೆ. ಕರೆ ಮಾಡುವಾಗ ರೈಲಿನ ಸಂಖ್ಯೆ, ಬೋಗಿ, ಸೀಟಿನ ಸಂಖ್ಯೆ ಮತ್ತು ದಾಟಿದ ನಿಲ್ದಾಣದ ಹೆಸರು ಹೇಳಿದರೆ ಮುಂದಿನ ನಿಲ್ದಾಣದಲ್ಲಿ ಸಿಬ್ಬಂದಿ ನೇರವಾಗಿ ನಿಮ್ಮ ಬೋಗಿಗೆ ಬರಲು ಅನುಕೂಲ. ನೆಟ್‌ವರ್ಕ್ ಸಿಗದಿದ್ದರೆ ಟಿಟಿಇ ಅಥವಾ ಬೋಗಿಯ ಅಟೆಂಡೆಂಟ್‌ಗೆ ತಿಳಿಸಿ. ಸಹಪ್ರಯಾಣಿಕರು ಸ್ಟೌ ಹಚ್ಚಿ ಚಹಾ ಕಾಯಿಸಲು ಹೊರಟರೂ ಇದೇ ಸಂಖ್ಯೆಗೆ ದೂರು ಕೊಡಬಹುದು.